ಒದ್ದೆ ಕೈ ಮತ್ತು ಅತ್ತೆಮ್ಮನ ಜಾಡಿ

ನಮ್ಮ ದೊಡ್ಡಮ್ಮನ ಬೇಕರಿಯಲ್ಲಿ ಯಜಮಾನಿಕೆ ದೊಡ್ಡಮ್ಮನದಲ್ಲ, ಒಲೆಯ ಪಕ್ಕದ ಗೂಡಿನಲ್ಲಿ ಕೂತ ಒಂದು ಗಾಜಿನ ಜಾಡಿಯದು. ಅದರೊಳಗೆ ಹುಳಿಹಿಟ್ಟು ಇರುತ್ತದೆ. ದಿನಾ ಒಂದು ಹಿಡಿ ಹಿಟ್ಟು, ಒಂದಿಷ್ಟು ನೀರು ಕೊಟ್ಟರೆ ಗುಳ್ಳೆ ಬಿಟ್ಟು ಏರುತ್ತದೆ. ಅದರಲ್ಲಿ ಸ್ವಲ್ಪ ತೆಗೆದು ಕಲಸಿದರೆ ಅವತ್ತಿನ ಬ್ರೆಡ್ಡೆಲ್ಲ ಉಬ್ಬುತ್ತದೆ. ದೊಡ್ಡಮ್ಮನ ಬ್ರೆಡ್ಡಿಗೆ ಇರುವ ಹದವಾದ ಹುಳಿ, ಬೀದಿಯವರು ಸಾಲು ನಿಲ್ಲುವುದು, ಎಲ್ಲ ಅದರ ದಯೆ.

ಜಾಡಿ ಬಂದದ್ದು ದೊಡ್ಡಮ್ಮನ ಅತ್ತೆಯಿಂದ. ಆಕೆ ತೀರಿಕೊಂಡ ಮೇಲೆ ಜಾಡಿಗೇ ಅತ್ತೆಮ್ಮ ಎಂಬ ಹೆಸರು ಬಿತ್ತು. "ಅತ್ತೆಮ್ಮಂಗೆ ಊಟ ಆಯ್ತಾ?" ಎಂದು ಗಿರಾಕಿಗಳೂ ಕೇಳುತ್ತಿದ್ದರು. "ಆಯ್ತು, ಮುಖ ಊದಿಸ್ಕೊಂಡು ಕೂತಿದಾರೆ," ಎಂದರೆ ಬ್ರೆಡ್ಡು ಚೆನ್ನಾಗಿ ಬರುತ್ತದೆ ಎಂದು ಅರ್ಥ.

ಬದುಕಿದ್ದಾಗ ಆಕೆಯ ಬಾಯಿಗೆ ಬೀಗವಿರಲಿಲ್ಲವಂತೆ. ಹೆಗಲ ಮೇಲೊಂದು ಒಣ ಟವೆಲು ಹಾಕಿಕೊಂಡು ಸೊಸೆಯ ಬೆನ್ನ ಹಿಂದೆಯೇ ನಿಂತಿರುತ್ತಿದ್ದರು. "ಒಲೆ ನೋಡೇ, ಕೈ ಒರೆಸ್ಕೊಳ್ಳೇ, ಬಾಗಿಲು ಮುಚ್ಚೇ," ಎಂದು ಬೆಳಗಿನಿಂದ ಒಂದೇ ರಾಗ. ಆಕೆ ಹೋದ ಮೇಲೆ ದೊಡ್ಡಮ್ಮ ಅತ್ತದ್ದು ನಿಜ. ಆ ಟವೆಲನ್ನು ನೆಲ ಒರೆಸಲು ಹಾಕಿದ್ದೂ ನಿಜ.

ದೊಡ್ಡಮ್ಮನ ಕೆಲಸದ ರೀತಿ ಬೇರೆ ಬೇಕರಿಯವರಂತಲ್ಲ. ಹಿಟ್ಟು ಅಂಟದಿರಲಿ ಎಂದು ಬೇರೆಯವರು ಕೈಗೆ ಒಣಹಿಟ್ಟು ಸವರಿಕೊಳ್ಳುತ್ತಾರೆ. ಈಕೆ ಪಕ್ಕದಲ್ಲಿ ನೀರಿನ ಬೋಗುಣಿ ಇಟ್ಟುಕೊಂಡು, ಅದರಲ್ಲಿ ಕೈ ಅದ್ದಿ ಅದ್ದಿ ಉಂಡೆ ಕಟ್ಟುತ್ತಾರೆ. ಇದೂ ಅತ್ತೆಯ ಪಾಠವೇ.

ಹೀಗಿರುವಾಗ ಅವರ ಬಲಗೈಯ ಎರಡು ಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗಾಗಿ, ನೆನೆದ ಕಾಗದದಂತೆ ಸುಲಿಯತೊಡಗಿತು. ತುರಿಕೆ, ಉರಿ. ಔಷಧಿ ಅಂಗಡಿಯವನು ಕೈ ನೋಡಿ, "ಯೀಸ್ಟ್ ಜಾಸ್ತಿ ಬೆಳೆದಿರೋ ಹಾಗಿದೆ, ಆಸ್ಪತ್ರೆಗೆ ತೋರಿಸಿ," ಎಂದ. ಯೀಸ್ಟ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಆಸ್ಪತ್ರೆಯ ಮಾತು ಗಾಳಿಗೆ ಹೋಯಿತು.

"ಯೀಸ್ಟ್ ಎಲ್ಲಿರುತ್ತೆ ಹೇಳು?" ಎಂದು ನನ್ನನ್ನು ಕೇಳಿದರು.

"ಹುಳಿಹಿಟ್ಟಲ್ಲಿ."

"ಅದಕ್ಕೇ ಹೇಳಿದ್ದು. ಸತ್ತ ಮೇಲೂ ನನ್ನ ಬಿಡ್ತಿಲ್ಲ ನೋಡು ಅತ್ತೆಮ್ಮ. ಮೈಯೊಳಗೇ ಸೇರ್ಕೊಂಡಿದಾರೆ!"

ನಗು ಬಂತಾದರೂ ನನಗೂ ಕುತೂಹಲ ಹುಟ್ಟಿತು. ಬ್ರೆಡ್ಡು ಉಬ್ಬಿಸುವಂಥದ್ದು ಮನುಷ್ಯರ ಮೈಯಲ್ಲೂ ಬೆಳೆದೀತೇ?

ಆಮೇಲೆ ಶುರುವಾಯಿತು ಮನೆಮದ್ದಿನ ಮೆರವಣಿಗೆ. ಪಕ್ಕದ ಮನೆಯ ದರ್ಜಿ ಹೇಳಿದಳೆಂದು ವಿನೆಗರ್ ಬೆರೆಸಿದ ನೀರಿನಲ್ಲಿ ಕೈ ನೆನೆಸಿಟ್ಟರು. ಯಾರೋ ಹೇಳಿದರೆಂದು ಬೆಳ್ಳುಳ್ಳಿ ಅರೆದು ಹಚ್ಚಿ, ಚರ್ಮ ಸುಟ್ಟುಕೊಂಡು ಅಂಗಳದಲ್ಲೆಲ್ಲ ಕುಣಿದರು. ಮೊಸರು ಸವರಿ ಬಟ್ಟೆ ಸುತ್ತಿದರು. ಚಹಾಕ್ಕೆ ಸಕ್ಕರೆ ಬಿಟ್ಟರು, ತಮ್ಮದೇ ಬ್ರೆಡ್ಡನ್ನು ಬಾಯಿಗಿಡುವುದನ್ನೂ ಬಿಟ್ಟರು. ಕೊನೆಗೆ ದಿನವಿಡೀ ರಬ್ಬರ್ ಗವಸು ತೊಟ್ಟರು. ಸಂಜೆ ಅದನ್ನು ಕಳಚಿದರೆ ಒಳಗಿನಿಂದ ಬೆವರು ತೊಟ್ಟಿಕ್ಕುತ್ತಿತ್ತು. ಬಿಳುಪು ಮೂರನೆಯ ಬೆರಳಿಗೂ ಹಬ್ಬಿತು.

ಒಂದು ಬೆಳಿಗ್ಗೆ ನಾನು ಬರುವ ಹೊತ್ತಿಗೆ ಜಾಡಿ ಬರಿದಾಗಿ ಬೋರಲು ಬಿದ್ದಿತ್ತು.

"ಮೋರಿಗೆ ಸುರಿದೆ," ಎಂದರು ದೊಡ್ಡಮ್ಮ. "ಕೈಯೇ ಇಲ್ಲದಿದ್ರೆ ಬೇಕರಿ ಎಲ್ಲಿಂದ ಬಂತು?" ಹಾಗೆಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಾನು ಅವತ್ತೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಅಲ್ಲಿಯ ಡಾಕ್ಟರು, ದೊಡ್ಡಮ್ಮನ ವಯಸ್ಸಿನವರೇ, ಬೆರಳು ಬಿಡಿಸಿ ನೋಡಿದರು. ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿದರು. ಅದು ಸರಿಯಾಗಿಯೇ ಇತ್ತು. ದೊಡ್ಡಮ್ಮ ಜಾಡಿಯ ಕತೆಯನ್ನೆಲ್ಲ ಹೇಳಿ ಮುಗಿಸುವವರೆಗೆ ಅವರು ತಾಳ್ಮೆಯಿಂದ ಕೇಳಿದರು.

"ಅದು ಬೇರೆ, ಇದು ಬೇರೆ, ಅಮ್ಮಾ. ಬ್ರೆಡ್ಡಿನ ಯೀಸ್ಟ್ ನಿಮ್ಮ ಕೈಗೆ ಬಂದಿದ್ದಲ್ಲ. ಇದು ಎಲ್ಲರ ಮೈಮೇಲೂ ತನ್ನ ಪಾಡಿಗೆ ತಾನು ಇರೋ ಜಾತಿ. ತೇವ ಸಿಕ್ತು ಅಂದ್ರೆ ಮಿತಿಮೀರಿ ಬೆಳೆಯುತ್ತೆ. ನಿಮ್ಮ ಕೈ ದಿನದಲ್ಲಿ ಒಣಗಿರೋದು ಯಾವಾಗ?"

ದೊಡ್ಡಮ್ಮ ಯೋಚಿಸಿದರು. ಬೋಗುಣಿಯ ನೀರು, ವಿನೆಗರ್ ನೀರು, ಮೊಸರ ಬಟ್ಟೆ, ಬೆವರಿದ ಗವಸು. "ಮಲಗಿದಾಗ," ಎಂದರು ಮೆಲ್ಲಗೆ.

"ಮುಲಾಮು ಬರೆದು ಕೊಡ್ತೀನಿ. ಮೊಸರು ತಿನ್ನಿ, ಬ್ರೆಡ್ಡೂ ತಿನ್ನಿ, ಬೆಳ್ಳುಳ್ಳಿ ಮಾತ್ರ ಅಡುಗೆಗಿರಲಿ. ಗವಸು ಬೇಕೇ ಬೇಕು ಅಂದ್ರೆ ಒಳಗೆ ಹತ್ತಿದು ಹಾಕಿ. ಎಲ್ಲಕ್ಕಿಂತ ಮುಖ್ಯ, ನೀರು ಮುಟ್ಟಿದಾಗಲೆಲ್ಲ ಬೆರಳ ಸಂದಿ ಬಿಡದ ಹಾಗೆ ಕೈ ಒರೆಸ್ಕೊಳ್ಳಿ."

ದೊಡ್ಡಮ್ಮ ಬೆಚ್ಚಿ, ಬೆನ್ನ ಹಿಂದೆ ತಿರುಗಿ ನೋಡಿದರು. ಮುಲಾಮಿನ ಚೀಟಿಯನ್ನು ನಾನೇ ತೆಗೆದುಕೊಳ್ಳಬೇಕಾಯಿತು. ಬೇಕರಿಯ ಬಾಗಿಲಲ್ಲಿ ನಿಂತು ಅಂದರು: "ಬೋಗುಣಿ ಕಲಿಸಿದ್ದೂ ಅವರೇ, ಟವೆಲು ಕಲಿಸಿದ್ದೂ ಅವರೇ. ನಾನು ಅರ್ಧ ಇಟ್ಕೊಂಡು ಅರ್ಧ ಬಿಸಾಕ್ದೆ."

ಒಳಗೆ ಹೋದವರೇ ಜಾಡಿಯ ಮುಚ್ಚಳ ತಿರುಗಿಸಿ ನೋಡಿದರು. ಅದರ ಒಳಅಂಚಿಗೆ ಹಳೆಯ ಹಿಟ್ಟು ಒಣಗಿ ಹಕ್ಕಳೆಗಟ್ಟಿತ್ತು. ಅದನ್ನು ಚಾಕುವಿನಿಂದ ಕೆರೆದು ಉಗುರು ಬೆಚ್ಚಗಿನ ನೀರಿಗೆ ಹಾಕಿ, ಹಿಟ್ಟು ಕಲಸಿ, ಜಾಡಿಯನ್ನು ಅದೇ ಗೂಡಿನಲ್ಲಿಟ್ಟರು. ಬೇಕರಿ ಮುಚ್ಚಿಯೇ ಇತ್ತು. ಗಿರಾಕಿಗಳು ಬಂದು ಇಣುಕಿ ಹೋದರು. ಮರುದಿನ ಏನೂ ಇಲ್ಲ. ಅದರ ಮರುದಿನವೂ ಇಲ್ಲ. "ಒಣಗಿದ್ದು ಮತ್ತೆ ಜೀವ ಹಿಡಿಯುತ್ತಾ?" ಎಂದು ಕೇಳಿದೆ. "ನಾನೇನು ಅವರ ಹೊಟ್ಟೆ ಹೊಕ್ಕು ನೋಡಿದೀನಾ?" ಎಂದು ರೇಗಿದರೂ, ಊಟ ಹಾಕುವುದನ್ನು ಬಿಡಲಿಲ್ಲ. ಅಷ್ಟರಲ್ಲಿ ಬೆರಳ ಸಂದಿಯ ಉರಿ ಇಳಿದಿತ್ತು.

ಆ ವಾರದ ಕೊನೆಯಲ್ಲಿ ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದ ನನಗೆ ಒಂದು ಗುಳ್ಳೆ ಕಂಡಿತು. ಸಾಸಿವೆಯಷ್ಟು. ಅದರ ಪಕ್ಕದಲ್ಲೇ ಇನ್ನೊಂದು.

"ದೊಡ್ಡಮ್ಮಾ!"

ಅವರು ಪಾತ್ರೆ ತೊಳೆಯುತ್ತಿದ್ದವರು ಓಡಿ ಬಂದು, ಜಾಡಿ ಮುಟ್ಟಲು ಹೋಗಿ, ತಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡರು. ಹೆಗಲ ಮೇಲಿದ್ದ ಹೊಸ ಟವೆಲು ತೆಗೆದು ಒಂದೊಂದೇ ಬೆರಳ ಸಂದಿ ಒರೆಸಿಕೊಂಡರು. ಆಮೇಲೆ ಎರಡೂ ಅಂಗೈಗಳನ್ನು ಜಾಡಿಯ ಮುಂದೆ ಬಿಡಿಸಿ ಹಿಡಿದರು.

"ಒರೆಸ್ಕೊಂಡಿದೀನಿ ಅತ್ತೆಮ್ಮ," ಎಂದರು, "ನೋಡಿ."