ಹಳ್ಳ ದಾಟಲಾಗದ ಸಂಜೆ

ಕಡೂರಿನಿಂದ ತರೀಕೆರೆಯ ಹೈಸ್ಕೂಲಿಗೆ ವರ್ಗವಾಗಿ ಬಂದ ವರ್ಷ ನನಗೆ ಸಂಜೆ ಕಳೆಯುವುದೇ ಕಷ್ಟವಾಯಿತು. ನಾನು ಮದುವೆಯಾದವಳಲ್ಲ. ಬಾಡಿಗೆಯ ಒಂದು ಕೋಣೆ, ಅದರ ತುಂಬ ತಿದ್ದಬೇಕಾದ ಉತ್ತರಪತ್ರಿಕೆಗಳು. ಶಾಲೆ ಬಿಟ್ಟ ಕೂಡಲೇ ಊರಾಚೆಯ ಕೆರೆ ಪಾರ್ಕಿಗೆ ಹೋಗಿಬಿಡುತ್ತಿದ್ದೆ.

ಅಲ್ಲಿ ಎರಡು ಕಾಲುದಾರಿ. ಗಿಡ್ಡದ್ದು ಮಕ್ಕಳ ಜಾರುಬಂಡೆ ಸುತ್ತಿ ಮತ್ತೆ ಗೇಟಿಗೇ ಬರುತ್ತಿತ್ತು, ಜನರೆಲ್ಲ ಅದರಲ್ಲೇ. ಉದ್ದದ್ದು ಬಿದಿರು ಮೆಳೆ ಹಾದು, ಕೆರೆಗೆ ನೀರು ತರುವ ಹಳ್ಳವನ್ನು ಹೆಜ್ಜೆಗಲ್ಲುಗಳ ಮೇಲೆ ದಾಟಿ, ದಿಬ್ಬದ ಮೇಲಿನ ಕಲ್ಲುಬೆಂಚಿನ ಹತ್ತಿರ ಮುಗಿಯುತ್ತಿತ್ತು. ನನ್ನದು ಉದ್ದದ ದಾರಿ. ಗಿಡ್ಡದ್ದರಲ್ಲಿ ಎದುರಾದವರೆಲ್ಲ "ಒಬ್ರೇ ಬಂದ್ರಾ ಮೇಡಂ?" ಅನ್ನುತ್ತಿದ್ದರು. ಬೆಂಚಿನೆದುರು ರೆಕ್ಕೆ ಒಣಗಿಸಿಕೊಂಡು ಕೂರುವ ನೀರುಕಾಗೆಗಳು ಏನೂ ಕೇಳುತ್ತಿರಲಿಲ್ಲ.

ಮಳೆಗಾಲದ ಒಂದು ಸಂಜೆ ದಿಬ್ಬದ ಮೇಲೆ ಬರೀ ತುಂತುರು. ಕೆಮ್ಮಣ್ಣುಗುಂಡಿ ಕಡೆ ಮಾತ್ರ ಬೆಟ್ಟ ಕಾಣದ ಹಾಗೆ ಸುರಿಯುತ್ತಿತ್ತು. ವಾಪಸ್ ಇಳಿದು ಬಂದರೆ ಹಳ್ಳದ ಹೆಜ್ಜೆಗಲ್ಲುಗಳೇ ಇಲ್ಲ. ಕೆಂಪು ನೀರು ಕೊಂಬೆ ಕಡ್ಡಿ ಹೊತ್ತು ನುಗ್ಗುತ್ತಿತ್ತು. ಕಾಲಿಟ್ಟು ನೋಡಿದೆ, ಚಪ್ಪಲಿ ಹೋಯ್ತು. ಹೆದರಿ ಮತ್ತೆ ದಿಬ್ಬ ಹತ್ತಿ ಕೂತೆ.

ಯಾರಿಗಾದರೂ ಫೋನ್ ಮಾಡೋಣವೆಂದು ಮೊಬೈಲ್ ತೆಗೆದೆ. ಹೆಸರುಗಳು ಬೇಕಾದಷ್ಟಿದ್ದವು. ಬಾ ಎಂದು ಕರೆಯಬಹುದಾದವರು ಸಿಗಲಿಲ್ಲ. ಕೊನೆಗೆ ಅಜ್ಜಂಪುರದಲ್ಲಿರುವ ಅಣ್ಣನ ನಂಬರ್ ಒತ್ತಿದೆ. ಅಮ್ಮ ತೀರಿಹೋದಾಗ ನಾನು ಪರೀಕ್ಷೆ ಡ್ಯೂಟಿ ಮುಗಿಸಿ ತಡವಾಗಿ ಹೋಗಿದ್ದೆ. "ಹೋದ್ಮೇಲೆ ಬಂದ್ಯಾ?" ಎಂದು ಅವನು ಎಲ್ಲರೆದುರು ಕೇಳಿದ್ದ. ಅಲ್ಲಿಂದ ಮೂರು ವರ್ಷ ನಮ್ಮಿಬ್ಬರಲ್ಲಿ ಮಾತಿರಲಿಲ್ಲ.

"ಹೇಳಮ್ಮ," ಅಂದ.

"ಸುಮ್ನೆ ಮಾಡ್ದೆ ಅಣ್ಣ."

"ಮಳೆ ಐತಾ ಅಲ್ಲಿ?"

"ಐತೆ."

"ಇಲ್ಲೂ ಹಿಡ್ಕೊಂಡೈತೆ." ಅಷ್ಟು ಹೇಳಿ ಫೋನ್ ಇಟ್ಟ.

ಪಾರ್ಕಿನ ಟಿಕೆಟ್ ಹಿಂದೆ ಒಂದು ನಂಬರ್ ಇತ್ತು. ಅದಕ್ಕೆ ಮಾಡಿದೆ. ಅರ್ಧ ಗಂಟೆಯಲ್ಲಿ ಟಿಕೆಟ್ ಕೊಡುವ ಹೆಂಗಸು, ತಲೆ ಮೇಲೆ ಗೊಬ್ಬರದ ಚೀಲ ಹೊದ್ದು, ದಿಬ್ಬದ ಹಿಂದಿನ ತೆಂಗಿನ ತೋಟದ ಬೇಲಿ ಸರಿಸಿಕೊಂಡು ಬಂದರು. ಆ ಕಡೆ ದಾರಿ ಇರುವುದೇ ನನಗೆ ಗೊತ್ತಿರಲಿಲ್ಲ.

"ಏನ್ರೀ ಮೇಡಂ, ನೀವು ಪಾಠ ಹೇಳೋರು! ಬೆಟ್ಟದ ಕಡೆ ಕಪ್ಪಾಗಿದ್ದು ಕಾಣ್ಲಿಲ್ವಾ?" ಎಂದು ಬೈದರು. ಬೈಯುತ್ತಲೇ ತೋಟದ ಕೆಸರಿನಲ್ಲಿ ನನ್ನ ಮುಂಗೈ ಬಿಗಿಯಾಗಿ ಹಿಡಿದು ನಡೆಸಿದರು. ಹಾಗೆ ಯಾರಾದರೂ ನನ್ನ ಕೈ ಹಿಡಿದು ಎಷ್ಟು ಕಾಲವಾಗಿತ್ತೋ. ರಸ್ತೆ ಸಿಕ್ಕಿದ ಮೇಲೂ ನಾನಾಗಿ ಬಿಡಿಸಿಕೊಳ್ಳಲಿಲ್ಲ. ಅವರು ಬಸ್ ಹಿಡಿಯಬೇಕಿತ್ತು, ಬಿಟ್ಟು ಓಡಿದರು.

ಮುಂದಿನ ಭಾನುವಾರ ಅಜ್ಜಂಪುರದ ಬಸ್ ಹತ್ತಿದೆ. ಅತ್ತಿಗೆ ತವರಿಗೆ ಹೋಗಿದ್ದರು. ಅಣ್ಣನೇ ಉಪ್ಪಿಟ್ಟು ಮಾಡಿದ. ತಿನ್ನುತ್ತಾ ಹಳ್ಳದ ಕತೆ ಹೇಳಿದೆ. ಅವನು ಕೈಯಲ್ಲಿದ್ದ ಸೌಟು ಕೆಳಗಿಟ್ಟ.

"ಅವತ್ತು ಫೋನ್ ಮಾಡ್ದಾಗ ಅಲ್ಲಿ ಸಿಕ್ಕಾಕ್ಕೊಂಡಿದ್ಯಾ?"

"ಹೂಂ."

"ಹೇಳೋಕೇನಾಗಿತ್ತು? ಗಾಡಿ ತಗೊಂಡು ಬರ್ತಿದ್ನಲ್ಲೇ."

ಇನ್ನೊಂದು ಸೌಟು ಹಾಕು ಎಂದು ತಟ್ಟೆ ಚಾಚಿದೆ. ಅಮ್ಮನ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸಂಜೆ ಬಸ್ ಸ್ಟ್ಯಾಂಡಿನವರೆಗೆ ಬಂದು, ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟು, ಬಸ್ ಹೊರಡುವವರೆಗೂ ಕೆಳಗೆ ನಿಂತೇ ಇದ್ದ.