ಗೋಡೆಯಾಚೆಯ ಹುಳುಮನೆ

ನಮ್ಮ ಎದುರಿನ ಮನೆ ಮಾರಾಟಕ್ಕಿದೆ. ಭಾನುವಾರ ಬಂತೆಂದರೆ ಯಾರಾದರೂ ಗಂಡ ಹೆಂಡತಿ ಬಂದು, ಬೀಗ ತೆಗೆಸಿ, ಗೋಡೆ ತಟ್ಟಿ, ನಲ್ಲಿ ತಿರುಗಿಸಿ, ಕೊನೆಗೆ ರಸ್ತೆ ದಾಟಿ ನನ್ನ ಹತ್ತಿರ ಬರುತ್ತಾರೆ. ನಾನು ಆ ಹೊತ್ತಿಗೆ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಲೋ ಸೊಪ್ಪು ಸೋಸುತ್ತಲೋ ಇರುತ್ತೇನೆ.

"ಆಂಟಿ, ಏರಿಯಾ ಹೇಗೆ? ನೀರು ಬರುತ್ತಾ?"

ಗೊತ್ತಿರುವುದನ್ನೆಲ್ಲ ಹೇಳುತ್ತೇನೆ. ನಲ್ಲಿ ನೀರು ದಿನಾ ಬರುವುದಿಲ್ಲ, ಸಂಪು ದೊಡ್ಡದಿರಬೇಕು. ಪಡುವಲ ಕೋಣೆಯ ಗೋಡೆ ಬೇಸಿಗೆಯಲ್ಲಿ ಕಾವಲಿಯ ಹಾಗೆ ಕಾಯುತ್ತದೆ, ಅಲ್ಲಿ ಮಂಚ ಹಾಕಬೇಡಿ. ಮಾವಿನ ಕಾಲದಲ್ಲಿ ಮಂಡಿಗೆ ಹೋಗುವ ಟೆಂಪೋದವರು ಗೇಟಿಗೆ ಅಡ್ಡ ನಿಲ್ಲಿಸಿ ಟೀ ಕುಡಿಯಲು ಹೋಗಿಬಿಡುತ್ತಾರೆ. ಜಗಳ ಆಡಬೇಡಿ, ಒಂದು ಚೊಂಬು ನೀರು ಕೊಟ್ಟರೆ ಹೋಗುವಾಗ ಮಡಿಲು ತುಂಬ ಕಾಯಿ ಹಾಕಿ ಹೋಗುತ್ತಾರೆ. ಇಷ್ಟು ಹೇಳುವಾಗ ಹುಡುಗಿ ತಲೆಯಾಡಿಸುತ್ತಾಳೆ, ಹುಡುಗ ದಿಕ್ಸೂಚಿ ತೋರಿಸುವ ಮೊಬೈಲು ಹಿಡಿದು ಈಶಾನ್ಯ ಹುಡುಕುತ್ತಿರುತ್ತಾನೆ.

ಪಕ್ಕದ ಗೋಡೆಯಾಚೆ ಯಾರಿದ್ದಾರೆ, ಏನು ಮಾಡುತ್ತಾರೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಾವೂ ಕೇಳಿರಲಿಲ್ಲ.

ಆಗ ನಾವು ಕೋಲಾರದಲ್ಲಿ ಬಾಡಿಗೆಗಿದ್ದೆವು. ನಮ್ಮ ಯಜಮಾನರಿಗೆ ಶ್ರೀನಿವಾಸಪುರಕ್ಕೆ ವರ್ಗವಾಗಿ, ದಿನಾ ಬಸ್ಸಿನಲ್ಲಿ ಹೋಗಿ ಬಂದು ಸಾಕಾಗಿ, ಅಲ್ಲೇ ಒಂದು ಮನೆ ತೆಗೆದುಕೊಂಡುಬಿಡೋಣ ಎಂದಾಯಿತು. ನಮಗಿಂತ ಹೆಚ್ಚು ಕಾತರ ನಮ್ಮ ಅತ್ತೆಗೆ. ಅವರು ಮಾಲೂರು ಕಡೆಯ ಹಳ್ಳಿಯವರು. ಮದುವೆಯಾಗಿ ಬಂದಂದಿನಿಂದ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಒಲೆ ಹೂಡಿದವರು. "ದೇವರ ಪಟಕ್ಕೆ ಒಂದು ಮೊಳೆ ಹೊಡೀಬೇಕಂದ್ರೂ ಓನರಮ್ಮನ ಮುಖ ನೋಡ್ಬೇಕು" ಎನ್ನುವುದು ಅವರ ಹಳೆಯ ದೂರು. ಸ್ವಂತ ಮನೆಯಾದರೆ ಹೊಗೆ ಸೂರು ಮುಟ್ಟುವ ಹಾಗೆ ಹೋಮ ಮಾಡಿಸಬೇಕು ಎನ್ನುವುದು ಹಳೆಯ ಆಸೆ. ಅಡ್ವಾನ್ಸು ಕೊಟ್ಟ ವಾರದಿಂದಲೇ ಬೆಣ್ಣೆ ತರಿಸಿ ತಾವೇ ಕಾಯಿಸಿ, ಸ್ಟೀಲಿನ ಡಬ್ಬಿಯೊಂದರಲ್ಲಿ ಹೋಮದ ತುಪ್ಪ ತುಂಬಿಸತೊಡಗಿದರು. ದೋಸೆಗೊಂದು ಚಮಚ ಹಾಕಿಕೊಳ್ಳಲು ಹೋದರೆ ಕೈಮೇಲೆ ಏಟು.

ಮನೆ ನೋಡಲು ನಾವು ಹೋದದ್ದು ಸಂಕ್ರಾಂತಿ ಕಳೆದ ಮೇಲೆ. ಮಂಡಿ ನೋವೆಂದು ಅತ್ತೆ ಬರಲಿಲ್ಲ. ವಾಸ್ತು ಬಲ್ಲ ಸಂಬಂಧಿಕರೊಬ್ಬರನ್ನು ಕರೆದುಕೊಂಡು ಹೋಗಿದ್ದೆವು. ಅವರು ಬಾಗಿಲು, ಒಲೆಕಟ್ಟೆ, ಸಂಪು ಎಲ್ಲದಕ್ಕೂ ದಿಕ್ಕು ಹಿಡಿದು ನೋಡಿದರು. ಪಕ್ಕದಲ್ಲಿ ಕಾಂಪೌಂಡಿಗೆ ತಾಗಿದಂತೆ ಉದ್ದನೆಯ ಕಟ್ಟಡವಿತ್ತು. ಕಿಟಕಿಗಳೆಲ್ಲ ಎತ್ತರದಲ್ಲಿ, ಅವಕ್ಕೆ ನೈಲಾನ್ ಬಲೆ, ಬಾಗಿಲು ಹಾಕಿತ್ತು, ಮುಂದೆಲ್ಲ ಸುಣ್ಣದ ಪುಡಿ ಚೆಲ್ಲಿತ್ತು.

"ಇದೇನು?" ಎಂದು ಯಜಮಾನರು ಕೇಳಿದರು.

"ಗೋಡೌನ್ ಇದ್ದಂಗೆ ಸಾರ್" ಎಂದ ಮನೆ ತೋರಿಸಲು ಬಂದಾತ.

"ಒಳ್ಳೇದಾಯ್ತು, ಗಲಾಟೆ ಇರಲ್ಲ" ಎಂದರು ವಾಸ್ತುವಿನವರು. ನಾವೂ ಹೌದು ಹೌದು ಎಂದೆವು. ನಮ್ಮ ಅಜ್ಜಿ ಮನೆಯಲ್ಲೂ ರೇಷ್ಮೆ ಹುಳ ಸಾಕುತ್ತಿದ್ದರು, ಅತ್ತೆಯ ತವರಿನಲ್ಲೂ ಸಾಕುತ್ತಿದ್ದರು. ಆ ಎತ್ತರದ ಕಿಟಕಿ, ಆ ಸುಣ್ಣ ಕಂಡರೆ ಕಣ್ಣು ಮುಚ್ಚಿ ಹೇಳಬಹುದಿತ್ತು. ಬೆಳೆ ಇಳಿಸಿ, ಮನೆ ತೊಳೆದು, ಮುಂದಿನ ಹುಳ ತರುವ ತನಕ ಖಾಲಿ ಬಿಟ್ಟಿದ್ದರು, ಅಷ್ಟೇ. ಪೇಟೆ ಸೇರಿದ ಮೇಲೆ ಹುಳುಮನೆ ನಮಗೆ ಗೋಡೌನ್ ಆಗಿ ಕಂಡಿತ್ತು.

ಗೊತ್ತಾದದ್ದು ಗೃಹಪ್ರವೇಶಕ್ಕೆ ಒಂದು ವಾರವಿದ್ದಾಗ. ಪೇಂಟಿನವರು ಡಬ್ಬ ತೆರೆದು ಇನ್ನೂ ಬ್ರಷ್ಷು ಅದ್ದಿರಲಿಲ್ಲ, ಗೇಟಿನ ಹತ್ತಿರ ಒಬ್ಬ ಹೆಂಗಸು ಬಂದು ನಿಂತರು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರಿರಬೇಕು. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು, ಬೆರಳೆಲ್ಲ ಹಿಪ್ಪುನೇರಳೆ ಸೊಪ್ಪಿನ ಹಸಿರು.

"ಅಮ್ಮಾ, ಏಮನುಕೋವದ್ದು, ಏನೂ ಅಂದ್ಕೋಬೇಡಿ. ಪೇಂಟು ಹೊಡಿಸ್ತಿದೀರಾ? ಪಕ್ಕದಾಗೆ ಹುಳ ಅವೆ. ವಾಸ್ನೆ ತಡ್ಕೊಳಲ್ಲ, ಸೊಪ್ಪು ಮುಟ್ಟಲ್ಲ ಅವು. ಸುಣ್ಣ ಹೊಡಿಸಿ, ಅದು ಅವಕ್ಕೂ ಒಳ್ಳೇದೇ. ಪೇಂಟು ಬೇಕಾದ್ರೆ ಬೆಳೆ ಇಳಿದ ಮೇಲೆ ಹೊಡಿಸ್ಕೊಳ್ಳಿ."

ಅವರೇ ನಮ್ಮ ಪಕ್ಕದ ಮನೆಯ ಅಕ್ಕ. ಅಂದಿನಿಂದ ಇಂದಿನವರೆಗೂ ನಾನು ಅವರನ್ನು ಅಕ್ಕಾ ಎಂದೇ ಕರೆಯುವುದು. ಮನೆ ಕೊಂಡವರು ಪಟ್ಟಿ ಹಾಕುತ್ತಾರಲ್ಲ, ಬೇಕು ಬೇಡ ಎಂದು, ಆ ಪಟ್ಟಿ ಅವತ್ತು ಆ ಗೇಟಿನ ಹತ್ತಿರ ನಮಗೆ ಬಾಯಿಮಾತಿನಲ್ಲಿ ಸಿಕ್ಕಿತು. ಸೊಳ್ಳೆ ಬತ್ತಿ ಹಚ್ಚುವ ಹಾಗಿಲ್ಲ. ಊದುಬತ್ತಿ, ಸಾಂಬ್ರಾಣಿ ಇಲ್ಲ. ಗೆದ್ದಲಿಗೆ ಔಷಧಿ ಹೊಡೆಸುವ ಹಾಗಿಲ್ಲ. ಮೆಣಸಿನಕಾಯಿ ಹುರಿಯುವುದಿದ್ದರೆ ಆಚೆ ಕಡೆಯ ಕಿಟಕಿ ತೆಗೆದು, ಈಚೆ ಕಡೆಯದು ಮುಚ್ಚಿ. ಹೇಳುತ್ತ ಹೇಳುತ್ತ ಅಕ್ಕ, "ಗೃಹಪ್ರವೇಶ ಯಾವತ್ತು?" ಎಂದರು. ಹೇಳಿದೆ. ಬೆರಳು ಮಡಚಿ ಎಣಿಸಿದರು. ಮುಖ ಬಾಡಿತು.

"ಹೋಮ ಐತಾ?"

"ಐತೆ ಅಕ್ಕಾ."

"ನಾಲ್ಕನೇ ಜ್ವರ ಎದ್ದು, ಹಣ್ಣಾಗೋ ಹೊತ್ತಮ್ಮಾ ಅದು. ಆವಾಗ ಹೊಗೆ ಬಂದ್ರೆ ಒಂದೂ ಗೂಡು ಕಟ್ಟಲ್ಲ. ತಿಂಗಳ ಪಾಡೆಲ್ಲ ತಿಪ್ಪೆಗೆ."

ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ದಾಟಿದ ಹುಳ ಹೊಟ್ಟೆಬಾಕನಂತೆ ತಿಂದು, ಮೈ ಹೊಳೆದು ಹಣ್ಣಾಗಿ, ಗೂಡು ಕಟ್ಟಲು ತಲೆ ಎತ್ತಿ ಹುಡುಕುತ್ತದೆ. ಅಷ್ಟು ದಿನದ ಸೊಪ್ಪು, ಕಸ, ನಿದ್ದೆಗೇಡು ಎಲ್ಲಕ್ಕೂ ಫಲ ಸಿಗುವುದು ಆ ಒಂದೆರಡು ದಿನದಲ್ಲಿ.

ಆ ಸಂಜೆ ಕೋಲಾರದ ಮನೆಯಲ್ಲಿ ವಿಷಯ ತೆಗೆದೆ. ಅತ್ತೆ ತುಪ್ಪದ ಡಬ್ಬಿಯ ಮುಚ್ಚಳ ಒರೆಸುತ್ತಿದ್ದರು.

"ಮುಹೂರ್ತ ಯಾರಪ್ಪಂದು? ಹುಳ ಅವರದ್ದು, ಮನೆ ನಮ್ಮದು" ಎಂದರು.

"ಅಮ್ಮಾ, ನೀನೇ ಹುಳದ ಮನೇಲಿ ಹುಟ್ಟಿದೋಳು" ಎಂದರು ಯಜಮಾನರು.

"ಹುಟ್ಟಿದೋಳೇ ಕಣೋ. ಅದ್ಕೇ ಹೇಳ್ತಿರೋದು, ಹುಳದ ಕಾಟ ಒಂದು ದಿನದ್ದಲ್ಲ. ಈ ಸಲ ಬಿಟ್ರೆ ಆ ಮನೇಲಿ ಹೋಮ ಆಗೋದೇ ಇಲ್ಲ, ಬರ್ಕೋ. ಹೋಮ ಆಗದ ಮನೇಲಿ ನಾನು ಚಾಪೆ ಹಾಸಲ್ಲ."

ಎರಡು ದಿನ ಒಗ್ಗರಣೆಯ ಸದ್ದಿನಲ್ಲೇ ಅವರ ಕೋಪ ಗೊತ್ತಾಗುತ್ತಿತ್ತು.

ಗೃಹಪ್ರವೇಶದ ಹಿಂದಿನ ದಿನ ಮಧ್ಯಾಹ್ನ ಅತ್ತೆಯನ್ನು ಕರೆತಂದೆವು. ಆಟೋ ಇಳಿದವರು ಹೊಸ ಮನೆಯ ಕಡೆ ನೋಡಲಿಲ್ಲ. ಮೂಗು ಎತ್ತಿ ನಿಂತರು. ಹಸಿ ಸೊಪ್ಪಿನದೂ ಹುಳದ ಹಿಕ್ಕೆಯದೂ ಸೇರಿದ ಆ ವಾಸನೆ ನನಗೂ ಬಂತು. "ನಮ್ಮಮ್ಮನ ಸೆರಗು" ಎಂದರು, ಯಾರಿಗೂ ಅಲ್ಲದ ಹಾಗೆ. ನೆಟ್ಟಗೆ ಪಕ್ಕದ ಮನೆಗೇ ನಡೆದರು. ಹಿಂದೆ ಹೋದ ನಾನು ಬಾಗಿಲಲ್ಲೇ ನಿಂತೆ. ಅತ್ತೆ ಯಾರೂ ಹೇಳದೆ ಕೈಕಾಲು ತೊಳೆದು, ಬಾಗಿಲ ಮುಂದಿನ ಸುಣ್ಣದ ಪುಡಿ ತುಳಿದು ಒಳಗೆ ಹೋದರು. ಅಟ್ಟಣೆಗಳ ಮೇಲೆ ಹುಳಗಳು ಸೊಪ್ಪು ಮೇಯುತ್ತಿದ್ದವು. ಆ ಸದ್ದನ್ನು ಕೇಳಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೇಳದವರಿಗೆ, ಬಾಣಲೆಯಲ್ಲಿ ಸಣ್ಣಗೆ ಎಳ್ಳು ಸಿಡಿಯುವ ಸದ್ದೆಂದರೆ ಸರಿಹೋದೀತು.

ಅತ್ತೆ ಒಂದು ಹುಳವನ್ನು ಅಂಗೈ ಮೇಲಿಟ್ಟುಕೊಂಡು ಬೆಳಕಿಗೆ ಹಿಡಿದರು.

"ನಾಳೆ ಬೆಳಗ್ಗೇನೇ ಹಣ್ಣಾಗ್ತವೆ. ಆಳಿಗೆ ಹೇಳಿದೀಯೇನೇ?"

"ಹೇಳಿದ್ದೆ ಅಮ್ಮಾ. ಎಲ್ಲಾ ಗೌನಿಪಲ್ಲಿ ಕಡೆ ಮಾವಿನಕಾಯಿ ಕೀಳಕ್ಕೆ ಹೋಗವ್ರೆ. ನಾನೂ ನಮ್ಮ ಯಜಮಾನ್ರೂ ಇಬ್ಬರೇ" ಎಂದರು ಅಕ್ಕ. ಹೋಮದ ಮಾತು ಇಬ್ಬರೂ ಎತ್ತಲಿಲ್ಲ.

ಮರುದಿನ ಬೆಳಗ್ಗೆ ನೆಂಟರೆಲ್ಲ ಬಂದರು. ಮುಳಬಾಗಿಲಿನಿಂದ ಚಿಕ್ಕತ್ತೆ, ನನ್ನ ತಂಗಿ, ಓರಗಿತ್ತಿಯರು, ಎಲ್ಲರೂ ರೇಷ್ಮೆ ಸೀರೆ, ಮೊಳಗಟ್ಟಲೆ ಮಲ್ಲಿಗೆ. ಮೊದಲು ಹಸುವನ್ನು ಮನೆಯೊಳಗೆ ಹೊಗಿಸಬೇಕಲ್ಲ. ಹಸು ನಮ್ಮ ಹೊಸಲಿನ ಮುಂದೆ ನಿಂತು, ಪಕ್ಕದ ಮನೆಯ ಮುಂದೆ ಬಿದ್ದಿದ್ದ ಹಿಪ್ಪುನೇರಳೆ ಕಡ್ಡಿಯ ರಾಶಿ ನೋಡಿ ಆ ಕಡೆಗೆ ಎಳೆಯತೊಡಗಿತು. ಎಳೆದರೂ ಇಲ್ಲ, ಬೆಲ್ಲ ತೋರಿಸಿದರೂ ಇಲ್ಲ.

"ಲೇ, ಗೃಹಪ್ರವೇಶ ಆ ಮನೇಲಿ ಅಂತ ಅದ್ಕೆ ಯಾರೋ ಹೇಳವ್ರೆ" ಎಂದರು ಚಿಕ್ಕತ್ತೆ. ನಗುವಿನ ನಡುವೆ ಅಕ್ಕನ ಗಂಡ ಒಂದು ಹಿಡಿ ಕಡ್ಡಿ ತಂದು ನಮ್ಮ ನಡುಮನೆಯಲ್ಲಿ ಇಟ್ಟರು. ಹಸು ಒಳಗೆ ಬಂತು. ಹಾಲು ಉಕ್ಕಿತು, ಗ್ಯಾಸ್ ಒಲೆಯ ಮೇಲೆ. ಪುರೋಹಿತರು ಹೋಮಕ್ಕೆ ಇಟ್ಟಿಗೆ ಜೋಡಿಸತೊಡಗಿದರು. ಯಜಮಾನರು ಅಮ್ಮನ ಮುಖ ನೋಡಿದರು, ನಾನು ಗೋಡೆಯಾಚೆ ನೋಡಿದೆ. ಅಕ್ಕ ಹುಳುಮನೆಯ ಬಾಗಿಲಲ್ಲಿ ಬುಟ್ಟಿ ಹಿಡಿದು ನಿಂತಿದ್ದರು. ನಮ್ಮ ಕಡೆ ತಿರುಗಲಿಲ್ಲ.

ಅತ್ತೆ ತುಪ್ಪದ ಡಬ್ಬಿ ತಂದು ಪುರೋಹಿತರ ಮುಂದೆ ಇಡಲು ಬಗ್ಗಿದವರು, ಇಡದೆ ಹಾಗೇ ಎದ್ದರು.

"ಸ್ವಾಮಿ, ಹಾಲು ಉಕ್ಕಿದ್ದು ಮುಹೂರ್ತಕ್ಕೇ ತಾನೆ?"

"ಹೌದಮ್ಮ."

"ಹಂಗಾದ್ರೆ ಪುಣ್ಯಾಹ ಮಾಡಿ ಸಾಕು. ಹೋಮ ಇನ್ನೊಂದು ದಿನ."

ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಹೆಂಗಸರ ಕಡೆ ತಿರುಗಿದರು. "ಏನ್ರೇ, ಮೈಮೇಲೆ ಹಾಕ್ಕೊಂಡಿದ್ದೀರಲ್ಲ, ಅದು ಎಲ್ಲಿಂದ ಬಂತು ಅಂತ ನೋಡಿದ್ದೀರಾ? ಬನ್ನಿ. ಹೂವು ತೆಗೆದು ಇಲ್ಲೇ ಇಡಿ, ವಾಸ್ನೆ ಆಗಲ್ಲ. ಕೈಕಾಲು ತೊಳ್ಕೊಳ್ಳಿ."

ಚಿಕ್ಕತ್ತೆಯ ದವಡೆಯಲ್ಲಿ ಹೊಗೆಸೊಪ್ಪಿತ್ತು, ಹುಳಕ್ಕೆ ಅದು ವಿಷ. "ನಾನು ಬಾಯಿ ಮುಚ್ಕೊಂಡು ಬರ್ತೀನಿ ಅಕ್ಕಾ" ಎಂದು ಅತ್ತೆಯನ್ನು ಕೇಳಿಕೊಂಡರು.

"ನೀನು ಬಾಯಿ ಮುಚ್ಚಿದ್ದನ್ನ ಯಾರು ಕಂಡವ್ರೆ? ಹೊರಗೇ ಕೂತ್ಕೊಂಡು ಚಂದ್ರಿಕೆ ಎತ್ಕೊಡು."

ಚಂದ್ರಿಕೆ ಎಂದರೆ ಬಿದಿರಿನ ದೊಡ್ಡ ತಟ್ಟಿ. ಅದರಲ್ಲಿ ಬಳ್ಳಿಯಂತೆ ಸುತ್ತಿದ ಸಂದುಗಳು, ಹಣ್ಣು ಹುಳವನ್ನು ಅಲ್ಲಿ ಬಿಟ್ಟರೆ ಗೂಡು ಕಟ್ಟುತ್ತದೆ. ಆ ಬೆಳಗ್ಗೆ ನಮ್ಮ ಕಾಂಪೌಂಡ್ ಗೋಡೆಯ ಮೇಲೆ ಮಲ್ಲಿಗೆ ದಂಡೆಗಳ ಸಾಲು, ಆಚೆ ಜರಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಹುಳ ಆರಿಸುವ ಹೆಂಗಸರ ಸಾಲು. ನನ್ನ ತಂಗಿ ಮೊದಲ ಹುಳ ಮುಟ್ಟಿ ಕಿರುಚಿದಳು. ಆಮೇಲೆ ಅವಳನ್ನು ಏಳಿಸುವುದೇ ಕಷ್ಟವಾಯಿತು. ಅತ್ತೆಯ ಬೆರಳು ಮಾತ್ರ ನೋಡಬೇಕಿತ್ತು. ಹಸಿ ಹುಳವನ್ನು ಬಿಟ್ಟು, ಹಳದಿಗೆ ತಿರುಗಿ ಹೊಳೆಯುವುದನ್ನಷ್ಟೇ ನೋಡದೆಯೇ ಎತ್ತುತ್ತಿದ್ದವು. ಅಕ್ಕನೊಂದಿಗೆ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಬಿಡುವಿಲ್ಲದ ಮಾತು. ಅತ್ತೆಗೆ ತೆಲುಗು ಇಷ್ಟು ಬರುತ್ತದೆಂದು ನನಗೆ ಗೊತ್ತಾದದ್ದೇ ಅವತ್ತು.

ಊಟ ತಡವಾಯಿತು. ಒಬ್ಬಟ್ಟಿನ ಮೇಲೆ ಹೋಮದ ತುಪ್ಪವನ್ನು ಅತ್ತೆಯೇ ಬಡಿಸಿದರು. ಅಕ್ಕನ ಎಲೆಗೆ ಸುರಿದಾಗ ಅವರು ಎರಡೂ ಕೈ ಅಡ್ಡ ಹಿಡಿದರು. "ಚಾಲಮ್ಮಾ, ಸಾಕು!"

"ತಿನ್ನೇ, ಅಗ್ನಿಗೆ ಹೋಗೋದು ನಿನ್ನ ಹೊಟ್ಟೆಗೆ ಹೋಗ್ತಿದೆ. ಅಲ್ಲೂ ಉರೀನೇ ಇರೋದು."

ಆ ಸಂಜೆ ಹೋಮವಾಗದ ಮನೆಯಲ್ಲಿ ಅತ್ತೆ ಚಾಪೆ ಹಾಸಿದರು. ಹುಳುಮನೆಯ ಕಡೆಯ ಕಿಟಕಿಯ ಕೆಳಗೇ.

ಅವರು ಹೇಳಿದ್ದು ಮಾತ್ರ ನಿಜವಾಯಿತು. ಹುಳುಮನೆ ಖಾಲಿ ಇದ್ದಾಗ ಮುಹೂರ್ತವಿಲ್ಲ, ಮುಹೂರ್ತ ಸಿಕ್ಕಾಗ ಹುಳ ಜ್ವರಕ್ಕೆ ಕೂತಿರುತ್ತವೆ. ಆಷಾಢ, ಆಮೇಲೆ ಒಂದು ಸೂತಕ, ಆಮೇಲೆ ಮಕ್ಕಳ ಪರೀಕ್ಷೆ. ಕೊನೆಗೆ ಅತ್ತೆಯೇ ಕೇಳುವುದನ್ನು ಬಿಟ್ಟರು. ವರ್ಷಗಳು ಹಾಗೇ ಹೋದವು. ಊದುಬತ್ತಿ ಇಲ್ಲದ ಪೂಜೆ, ಸೊಳ್ಳೆ ಪರದೆ, ಬೇವಿನೆಣ್ಣೆ ಸವರಿದ ಬಾಗಿಲು ಚೌಕಟ್ಟು ನಮಗೆ ಒಗ್ಗಿಹೋದವು. ಮಕ್ಕಳು ಆ ಮೇಯುವ ಸದ್ದಿನಲ್ಲಿ ಪಾಠ ಓದಿದರು. ಬೆಳೆ ಇಳಿದ ದಿನ ಅಕ್ಕ ಗೂಡಿನ ಮೂಟೆ ಕಳಿಸಿ, ತಲೆಗೆ ಎರೆದುಕೊಂಡು, ನಮ್ಮ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತ, "ಹುರ್ಕೊಳ್ಳಮ್ಮಾ ನಿನ್ನ ಮೆಣಸಿನಕಾಯಿ" ಎನ್ನುತ್ತಿದ್ದರು. ಸಾರಿನ ಪುಡಿ ಮಾಡುವ ನಮ್ಮ ಪಂಚಾಂಗ ಅದೇ ಆಗಿತ್ತು.

ಹೋದ ವರ್ಷ ಅವರ ಹಿಪ್ಪುನೇರಳೆ ತೋಟ ಲೇಔಟಾಯಿತು. ಎದುರಿನ ಸಾಲಿನಲ್ಲಿ, ಈಗ ಮಾರಾಟಕ್ಕಿರುವ ಮನೆಯ ಹಿಂದೆ, ಸೈಟುಗಳ ಗುರುತಿನ ಕಲ್ಲುಗಳಿವೆ. ಅಕ್ಕನಿಗೂ ಬಗ್ಗಿ ಸೊಪ್ಪು ಹಾಕಲು ಆಗುತ್ತಿರಲಿಲ್ಲ. ಕೊನೆಯ ಬೆಳೆ ಇಳಿಸಿ, ಚಂದ್ರಿಕೆಗಳನ್ನು ದೇವರಾಯಸಮುದ್ರದ ನೆಂಟರಿಗೆ ಕೊಟ್ಟು ಕಳಿಸಿದರು. ಸ್ವಲ್ಪ ದಿನಕ್ಕೆ ಒಂದು ಡಬ್ಬಿ ತುಪ್ಪ ಹಿಡಿದು ನಮ್ಮ ಮನೆಗೆ ಬಂದರು.

"ಅಮ್ಮಾ, ಈಗ ಮಾಡ್ಸಿ ನಿಮ್ಮ ಹೋಮ. ಇನ್ನು ಅಡ್ಡಿ ಇಲ್ಲ."

ಅತ್ತೆಗೆ ಈಗ ಕಿವಿ ಸ್ವಲ್ಪ ದೂರ. ಡಬ್ಬಿ ನೋಡಿ ಅವರಿಗೆ ಅರ್ಥವಾಯಿತು. ಬಹಳ ಹೊತ್ತು ಅದರ ಮುಚ್ಚಳದ ಮೇಲೆ ಕೈ ಇಟ್ಟುಕೊಂಡಿದ್ದರು.

ಹೋಮ ಆಯಿತು. ದೊಡ್ಡದಾಗಿಯೇ ಆಯಿತು, ಅವರು ಬಯಸಿದ ಹಾಗೆ ಹೊಗೆ ಸೂರು ಮುಟ್ಟಿತು. ಅತ್ತೆ ಕುರ್ಚಿಯಲ್ಲಿ, ಅಕ್ಕ ಪಕ್ಕದಲ್ಲಿ ನೆಲದ ಮೇಲೆ. ಹೊಗೆ ನಡುಮನೆ ತುಂಬಿ, ಕಿಟಕಿಯಿಂದ ಹೊರಬಿದ್ದು, ಕಾಂಪೌಂಡು ದಾಟಿ ಹುಳುಮನೆಯ ಎತ್ತರದ ಕಿಟಕಿಗಳ ಕಡೆಗೆ ಹೋಗುತ್ತಿತ್ತು. ಅವಕ್ಕೆ ಈಗ ಬಲೆಯೂ ಇರಲಿಲ್ಲ.

"ಹೊಗೆ ಆ ಕಡೆ ಹೋಗ್ತಾ ಇದೆ ಕಣೇ" ಎಂದರು ಅತ್ತೆ.

"ಪೋನೀ ಅಮ್ಮಾ, ಹೋಗ್ಲಿ. ಏನಿದೆ ಅಲ್ಲಿ?"

ಅತ್ತೆ ಕುರ್ಚಿಯ ಕೈ ಹಿಡಿದು ಎದ್ದು, ಗೋಡೆ ಹಿಡಿದು ನಡೆದು ಹೋಗಿ, ಹುಳುಮನೆಯ ಕಡೆಯ ಕಿಟಕಿಯ ಬಾಗಿಲನ್ನು ಎಳೆದು ಹಾಕಿದರು.

"ಅಮ್ಮಾ, ಹೊಗೆ ಹೊರಗೆ ಹೋಗ್ಬೇಕಲ್ಲ" ಎಂದು ಪುರೋಹಿತರು ಕೆಮ್ಮಿದರು.

"ಇರ್ಲಿ ಸ್ವಾಮಿ" ಎಂದರು ಅತ್ತೆ.

ಅಕ್ಕ ಎದ್ದು ಹೋಗಿ ಚಿಲಕ ಹಾಕಿ ಬಂದರು.