ತಮ್ಮನಿಗೆ ಗೊತ್ತಿಲ್ಲದ ಸುದ್ದಿ

ನಮ್ಮ ಟೇಪಕ್ಕನಿಗೆ ಆ ಹೆಸರು ಬಂದದ್ದು ಅಳತೆಯ ಟೇಪಿನಿಂದ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ಅದು ಕೊರಳಿಗೆ ಬಿದ್ದರೆ ಊಟಕ್ಕೆ ಕೂತಾಗಲೂ ಅಲ್ಲೇ ನೇತಾಡುತ್ತಿತ್ತು, ಎಷ್ಟೋ ಸಲ ತಟ್ಟೆಯೊಳಗೆ ಬಿದ್ದದ್ದೂ ಇದೆ. ನಾನು ಅವಳ ಅಂಗಡಿಯಲ್ಲಿ ಕಾಜಾ ಗುಂಡಿ ಮಾಡುವವಳು. ಅವಳು ಹೊಲಿದ ಬಟ್ಟೆಗೆ ಗುಂಡಿ ಹಚ್ಚುವುದು, ಅಂಚು ಮಡಿಸಿ ಹೊಲಿಯುವುದು ನನ್ನ ಕೆಲಸ. ಅವಳ ಗೊಣಗಾಟ ಕೇಳುವುದೂ ನನ್ನದೇ ಕೆಲಸ, ಅದಕ್ಕೆ ಮಾತ್ರ ಸಂಬಳವಿಲ್ಲ.

ಅವಳಿಗೆ ಇರುವವನು ಒಬ್ಬನೇ ತಮ್ಮ. ಲಿಫ್ಟ್ ರಿಪೇರಿ ಕಲಿತು ಹೊರದೇಶಕ್ಕೆ ಹೋದವನು ಅಲ್ಲೇ ನೆಲೆನಿಂತ. ಅಪ್ಪ ಅಮ್ಮ ಹೋದ ಮೇಲೆ ಅವನ ಮೂಗು ಒರೆಸಿ, ಚಡ್ಡಿ ಹೊಲಿದುಕೊಟ್ಟು, ಶಾಲೆಗೆ ಅಟ್ಟಿ ಬೆಳೆಸಿದವಳು ಇವಳು. ಈಗ ಅವನಿಗೆ ಬಟ್ಟೆಯೂ ಅಲ್ಲೇ ಸಿಗುತ್ತದೆ, ಊಟವೂ ಅಲ್ಲೇ ಸಿಗುತ್ತದೆ. ಅಕ್ಕನಾದವಳು ಕೊಡಲು ಉಳಿದದ್ದು ಮನೆಯ ಸುದ್ದಿ, ಬೀದಿಯ ಸುದ್ದಿ ಅಷ್ಟೇ. ಅದನ್ನೂ ಅವನಿಗೆ ಬೇರೆಯವರೇ ಕೊಟ್ಟುಬಿಡುತ್ತಿದ್ದರು ಅನ್ನುವುದು ಅವಳ ಹೊಟ್ಟೆಯುರಿ.

ಭಾನುವಾರ ಮಧ್ಯಾಹ್ನ ಅವಳು ಫೋನನ್ನು ಮಿಶಿನ್ನಿನ ಮೇಲೆ ನಿಲ್ಲಿಸಿ, ಸ್ಪೀಕರ್ ಹಾಕಿ, ಗಂಟಲು ಸರಿಮಾಡಿಕೊಂಡು ಶುರು ಮಾಡುವಳು.

"ಲೋ, ಒಂದು ವಿಷಯ ಕೇಳು. ನಮ್ಮ ಮೆಡಿಕಲ್ ಶಾಪಿನೋನು ಮೀಸೆಗೆ ಬಣ್ಣ ಹಚ್ಕೊಂಡು..."

"ಗೊತ್ತಕ್ಕ. ನೇರಳೆ ಬಣ್ಣ ಬಂತಂತೆ. ಕರ್ಚೀಫು ಕಟ್ಕೊಂಡು ಮಾತ್ರೆ ಮಾರ್ತಿದಾನಂತೆ. ಫೋಟೋ ಬಂತು."

"ಫೋಟೋನಾ? ಇಲ್ಲೇ ಇರೋ ನಾನೇ ಇನ್ನೂ ಮೀಸೆ ನೋಡಿಲ್ಲ!"

"ಕಳಿಸ್ಲಾ?"

ಅಕ್ಕ ಹಲ್ಲು ಕಡಿಯುವಳು. ಅವನಿಗೆ ಅಲ್ಲಿ ಬಿಡಿಭಾಗ ಬರುವವರೆಗೂ ಲಿಫ್ಟಿನ ತಲೆಯ ಮೇಲೆ ಕೂತು ಕಾಯುವುದೇ ದೊಡ್ಡ ಕೆಲಸವಂತೆ. ಕೂತವನು ಸುಮ್ಮನೆ ಕೂರುತ್ತಾನೆಯೇ? ಮೂಲೆಯ ಇಸ್ತ್ರಿಯವನಿಗೆ ಒಂದು ಫೋನು, ನಮ್ಮ ಅಂಗಡಿಯ ಹಿಂದಿನ ಮನೆಯಲ್ಲಿರುವ ಚಿಕ್ಕಮ್ಮನಿಗೆ ಎರಡು ಫೋನು. ಇಸ್ತ್ರಿಯವನಿಗೆ ಅಂಗಿಯ ಸುಕ್ಕು ನೋಡಿದರೆ ಸಾಕು, ಯಾರ ಮನೆಯಲ್ಲಿ ಜಗಳ ಅಂತ ತಿಳಿಯುತ್ತದೆ. ಚಿಕ್ಕಮ್ಮನಿಗಂತೂ ಏನೂ ನೋಡಬೇಕಾಗಿಲ್ಲ, ಎಲ್ಲ ಹಾಗೆಯೇ ತಿಳಿಯುತ್ತದೆ.

ಒಂದು ದಿನ ಅಕ್ಕ ಬಟ್ಟೆ ಕತ್ತರಿಸುತ್ತಿದ್ದಾಗ ತಮ್ಮನ ಫೋನು ಬಂತು. ಭಾನುವಾರವಲ್ಲ, ಏನಾಯಿತೋ ಅಂತ ಅವಳು ಕತ್ತರಿ ಕೆಳಗಿಡದೆಯೇ ಫೋನೆತ್ತಿದಳು.

"ಅಕ್ಕ, ಬೇಗ ಹಿಂದಕ್ಕೆ ಹೋಗು. ಚಿಕ್ಕಮ್ಮ ಬಚ್ಚಲಲ್ಲಿ ಜಾರಿ ಬಿದ್ದಿದಾಳೆ."

ನಾವು ಓಡಿದೆವು. ನಿಜಕ್ಕೂ ಬಿದ್ದಿದ್ದಳು. ಕಾಲು ಚಾಚಿಕೊಂಡು, ಬಕೆಟ್ಟಿಗೆ ಒರಗಿಕೊಂಡು, ಫೋನು ಕಿವಿಗಿಟ್ಟುಕೊಂಡು, "ಹಾಂ, ಬಂದ್ರಪ್ಪಾ, ಇಡ್ತೀನಿ" ಅನ್ನುತ್ತಿದ್ದಳು. ನಡುವೆ ಇರುವುದು ಒಂದೇ ಗೋಡೆ, ಕೂಗಿದ್ದರೆ ಕೇಳಿಸುತ್ತಿತ್ತು. ಅದನ್ನೇ ಅಕ್ಕ ಕೇಳಿದಳು.

"ಕೂಗೋಕೆ ನಂಗೆ ಉಸಿರೆಲ್ಲಿತ್ತೇ?" ಅಂದಳು ಚಿಕ್ಕಮ್ಮ.

ಅವತ್ತು ಅಕ್ಕ ಮಧ್ಯಾಹ್ನದ ಊಟ ಮಾಡಲಿಲ್ಲ. "ಸಾಯೋದ್ರೊಳಗೆ ಒಂದೇ ಒಂದು ಸುದ್ದಿ ಅವನಿಗೆ ನಾನೇ ಮೊದಲು ಹೇಳ್ಬೇಕು ಕಣೆ," ಅಂದಳು. "ಇಲ್ದೇ ಇದ್ರೆ ನಾನು ಎಂಥ ಅಕ್ಕ? ಮನೆ ಹೊರಗಿನ ಬೋರ್ಡು ಅಷ್ಟೇ." ನಾನು ನಗಲು ಬಾಯಿ ತೆರೆದವಳು ಅವಳ ಕಣ್ಣು ನೋಡಿ ಮುಚ್ಚಿಕೊಂಡೆ.

ಅಂಥ ಸುದ್ದಿ ತಾನಾಗಿಯೇ ಅಂಗಡಿಗೆ ನಡೆದುಬಂತು, ಪ್ಯಾಂಟಿನ ಬಟ್ಟೆ ಕಂಕುಳಲ್ಲಿ ಇಟ್ಟುಕೊಂಡು.

ನಮ್ಮ ಎದುರಿನದು ಗಡಿಯಾರ ರಿಪೇರಿ ಅಂಗಡಿ. ಅದರ ಯಜಮಾನರು ಹೆಂಡತಿ ತೀರಿಹೋಗಿ ಬಹಳ ವರ್ಷವಾದ ಮನುಷ್ಯ, ಕೂತರೆ ಕೂತರು, ನಿಂತರೆ ನಿಂತರು. ಮಾತು ತೂಕಕ್ಕಿಟ್ಟು ಆಡುವವರು. ಅವರ ಗೋಡೆಯ ಮೇಲಿನ ಗಡಿಯಾರಗಳಲ್ಲಿ ಎರಡು ಒಂದೇ ಹೊತ್ತು ತೋರಿಸಿದ್ದನ್ನು ನಾನಂತೂ ಕಂಡಿಲ್ಲ. ನಮ್ಮ ಅಕ್ಕನಿಗೆ ಮದುವೆಯೇ ಆಗಿರಲಿಲ್ಲ. ಯಾಕೆ ಅಂತ ಕೇಳಿದವರಿಗೆ "ಅಳತೆ ಸರಿಹೋಗ್ಲಿಲ್ಲ" ಅನ್ನುತ್ತಿದ್ದಳು.

ಅಕ್ಕ ಅವರ ಸೊಂಟಕ್ಕೆ ಟೇಪು ಸುತ್ತಿದಳು. ಅವರು ಉಸಿರು ಬಿಗಿಹಿಡಿದು ಕಂಬದ ಹಾಗೆ ನಿಂತಿದ್ದರು.

"ಉಸಿರು ಬಿಡಿ ಸ್ವಾಮಿ, ಎಷ್ಟು ಹೊತ್ತು ಹಿಡ್ಕೊಂಡಿರ್ತೀರಿ?"

"ಬಿಟ್ರೆ ಒಂದು ಮಾತು ಹೊರಗೆ ಬಂದ್ಬಿಡುತ್ತೆ."

"ಬಂದ್ರೆ ಬರ್ಲಿ. ಹೀಗೇ ನಿಂತ್ರೆ ಅಳತೆ ತಪ್ಪುತ್ತೆ, ಆಮೇಲೆ ಪ್ಯಾಂಟು ಹಿಡಿಯುತ್ತೆ ಅಂತ ನನ್ನೇ ಬೈತೀರಿ."

ಅವರು ಉಸಿರು ಬಿಟ್ಟರು. ಹೊಟ್ಟೆ ಎರಡಿಂಚು ಮುಂದಕ್ಕೆ ಬಂತು, ಹಿಂದೆಯೇ ಮಾತೂ ಬಂತು. "ನೀವೂ ಒಬ್ರೇ, ನಾನೂ ಒಬ್ನೇ. ಎದುರುಬದುರು ಕೂತು ಇಷ್ಟು ಕಾಲ ಆಯ್ತು. ಒಂದೇ ಕಡೆ ಕೂತ್ಕೊಂಡ್ರೆ ಹೇಗೆ? ಅಂದ್ರೆ... ನನ್ನ ಮದುವೆ ಆಗ್ತೀರಾ?"

ಅಕ್ಕ ಟೇಪು ಹಿಡಿದುಕೊಂಡೇ ನಿಂತಳು. ನನ್ನ ಬಾಯಲ್ಲಿ ಗುಂಡುಸೂಜಿಗಳಿದ್ದವು, ಒಂದನ್ನೂ ನುಂಗದೆ ಉಳಿದದ್ದು ನನ್ನ ಪುಣ್ಯ.

"ಯೋಚನೆ ಮಾಡಿ ಹೇಳ್ತೀನಿ," ಅಂದಳು ಕೊನೆಗೆ, ನೆಲ ನೋಡುತ್ತ. ಅವರು ಬಂದ ದಾರಿಯಲ್ಲೇ ಹಿಂದಿರುಗುವ ಬದಲು ಅಂಗಡಿಗೆ ಅಂಟಿಕೊಂಡ ಅಕ್ಕನ ಅಡುಗೆಮನೆಯೊಳಗೆ ಹೋಗಿ, ಅಲ್ಲಿ ಬಾಗಿಲಿಲ್ಲವೆಂದು ಕಂಡು, ಮತ್ತೆ ಹೊರಬಂದು ಹೋದರು.

"ಯೋಚನೆ ಮಾಡೋಕೆ ಏನಿದೆ? ಕನ್ನಡೀಲಿ ಮುಖ ನೋಡ್ಕೋ," ಅಂದೆ ನಾನು.

"ನಂಗೆ ಒಪ್ಪಿಗೆ ಇದೆ ಕಣೆ. ಯಾವಾಗಿಂದ್ಲೋ ಇದೆ. ಆದ್ರೆ ಅವರಿಗೆ ಈಗ್ಲೇ ಹೇಳಲ್ಲ. ಮೊದಲು ತಮ್ಮನಿಗೆ ಹೇಳ್ಬೇಕು."

ನಾನು ತಲೆ ಮೇಲೆ ಕೈ ಹೊತ್ತೆ. ಅವಳ ಲೆಕ್ಕವೇ ಬೇರೆ. ಇವರಿಗೆ ಹೂಂ ಅಂದರೆ ಇವರು ಖುಷಿಯಲ್ಲಿ ಒಳ್ಳೆಯ ಅಂಗಿಯೊಂದನ್ನು ಇಸ್ತ್ರಿಗೆ ಕೊಡುತ್ತಾರೆ. ಅಂಗಿ ಬಿಸಿಯಾಗುವಷ್ಟರಲ್ಲಿ ಸುದ್ದಿ ಕಡಲು ದಾಟಿರುತ್ತದೆ. ಆಮೇಲೆ ಭಾನುವಾರ ಅವಳ ಮದುವೆಯ ವಿಷಯಕ್ಕೂ ತಮ್ಮ "ಗೊತ್ತಕ್ಕ" ಅನ್ನುತ್ತಾನೆ. ಇದು ಅವಳಿಂದ ಸಹಿಸಲಾಗದು.

ಕೂಡಲೇ ತಮ್ಮನಿಗೆ ಫೋನು ಮಾಡಿದಳು. ಹತ್ತಲಿಲ್ಲ. ಮತ್ತೆ ಮಾಡಿದಳು, ಹತ್ತಲಿಲ್ಲ. ಅಷ್ಟರಲ್ಲಿ ಚಿಕ್ಕಮ್ಮ ಕುಂಟುತ್ತ ಬಂದು ಬಾಗಿಲಲ್ಲಿ ನಿಂತು, "ಅವನಿಗಾ? ಯಾವುದೋ ಗಣಿಯೊಳಗೆ ಲಿಫ್ಟು ಕೆಟ್ಟಿದೆಯಂತೆ, ಇಳಿದಿದಾನೆ. ಒಂದು ವಾರ ಸಿಗಲ್ಲ. ನಿಂಗೆ ಹೇಳ್ಲಿಲ್ವಾ?" ಅಂದಳು.

ಅಕ್ಕ ನನ್ನ ಕಡೆ ತಿರುಗಿ ಮೆಲ್ಲಗೆ, "ಇನ್ನು ಒಂದು ವಾರ ಬಾಯಿಂದ ಸೂಜಿ ತೆಗೀಬೇಡ," ಅಂದಳು.

ಆ ವಾರ ಹೇಗೆ ಕಳೆಯಿತೋ ದೇವರಿಗೇ ಗೊತ್ತು. ಎದುರಂಗಡಿಯವರು ಮೊದಲ ದಿನ ತಲೆ ಬಾಚಿ ಕೂತಿದ್ದರು. ಮರುದಿನ ಎರಡು ಸಲ ಬಾಚಿದ್ದರು. ಅಕ್ಕ ಆ ಕಡೆ ನೋಡಿದರೆ ಮುಖವೇ ಹೂಂ ಅಂದುಬಿಡುತ್ತದೆ ಅಂತ ಹೆದರಿ ಮಿಶಿನ್ನನ್ನೇ ಗೋಡೆಯ ಕಡೆ ತಿರುಗಿಸಿಕೊಂಡಳು. ಪಾಪ, ಮನುಷ್ಯ ಏನಂದುಕೊಂಡಾರು? ಮೌನವೇ ಸಮ್ಮತಿ ಅಂತ ದೊಡ್ಡವರು ಹೇಳಿದ್ದಾರೆ, ಆದರೆ ಬೆನ್ನು ತಿರುಗಿಸಿ ಕೂತರೆ ಅದೂ ಸಮ್ಮತಿಯೇ ಅಂತ ಯಾರೂ ಹೇಳಿಲ್ಲವಲ್ಲ. ನಾಲ್ಕನೆಯ ದಿನದಿಂದ ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೈಯಲ್ಲಿ ಗಡಿಯಾರವೇ ಇಲ್ಲದೆ ಸುಮ್ಮನೆ ಕೂತಿರುತ್ತಿದ್ದರು.

"ಏನೇ, ಗಡಿಯಾರದೋರ ಮುಖ ಸುಟ್ಟ ಬದನೆಕಾಯಿ ಆಗಿದೆ?" ಅಂತ ಚಿಕ್ಕಮ್ಮ ನನ್ನನ್ನು ಕೇಳಿದಳು. ನಾನು ಬಾಯಲ್ಲಿದ್ದ ಸೂಜಿ ತೋರಿಸಿದೆ.

ಶನಿವಾರ ಅವರೇ ಬಂದರು, ಹೊಸ್ತಿಲಾಚೆಯೇ ನಿಂತರು.

"ಪ್ಯಾಂಟು ಹೊಲಿಯೋದು ಬೇಡ. ಬಟ್ಟೆ ವಾಪಸ್ ಕೊಟ್ಬಿಡಿ."

ಬಟ್ಟೆ ಅಕ್ಕನ ಹಿಂದೆ ಕಪಾಟಿನಲ್ಲಿ ಮಡಿಕೆಯೂ ಬಿಚ್ಚದೆ ಕೂತಿತ್ತು. "ಕತ್ತರಿಸಿಬಿಟ್ಟಿದೀನಿ," ಅಂದಳು.

"ಓ," ಅಂದರು ಅವರು. "ಹಾಗಾದ್ರೆ ಇರ್ಲಿ," ಅಂದು ಹೋದರು.

ಅವರ ಬೆನ್ನು ಮರೆಯಾದದ್ದೇ ತಡ, ಅಕ್ಕ ಬಟ್ಟೆ ಎಳೆದು ಮೇಜಿನ ಮೇಲೆ ಹರಡಿ, ಕತ್ತರಿ ಹಾಕಿಯೇ ಬಿಟ್ಟಳು. "ಸೊಂಟ ಯಾವ ಅಳತೆ? ಉಸಿರು ಹಿಡಿದಿದ್ದೋ ಬಿಟ್ಟಿದ್ದೋ?" ಅಂದೆ. "ಬಿಟ್ಟಿದ್ದು. ಮನೇಲಿರೋ ಗಂಡಸು ಯಾವಾಗ್ಲೂ ಉಸಿರು ಹಿಡ್ಕೊಂಡಿರೋಕಾಗುತ್ತಾ?" ಅಂದು ಅತ್ತಳು. ಅವರು ನಾಳೆ ಅಂಗಡಿಗೇ ಬೀಗ ಹಾಕಿ ಎಲ್ಲಾದರೂ ಹೋಗಿಬಿಟ್ಟರೆ ಅಂತ ನನಗೂ ಭಯವಾಯಿತು. "ಈಗ್ಲೇ ಹೋಗಿ ಹೇಳು ಮಾರಾಯ್ತಿ," ಅಂದೆ. "ಇನ್ನೊಂದೇ ದಿನ ಕಣೆ," ಅಂದಳು. ಹಟಕ್ಕೆ ಮದ್ದಿಲ್ಲ.

ಭಾನುವಾರ ಮಧ್ಯಾಹ್ನ ಫೋನು ಬಡಿದುಕೊಂಡಾಗ ಅಕ್ಕ ಮೊದಲು ಎದ್ದುಹೋಗಿ ಹಿಂದಿನ ಕಿಟಕಿ ಹಾಕಿ ಬಂದಳು, ಚಿಕ್ಕಮ್ಮನ ಕಿವಿಗೆ ಹೆದರಿ.

"ಅಕ್ಕ, ಮೇಲೆ ಬಂದೆ. ಏನು ವಿಶೇಷ? ಇಸ್ತ್ರಿಯವನು ಹೇಳ್ತಿದ್ದ, ನಮ್ಮ..."

"ನೀನು ಸುಮ್ನಿರು. ಇವತ್ತು ನಾನು ಹೇಳ್ತೀನಿ." ಅವಳು ಟೇಪಿನ ಎರಡೂ ತುದಿ ಬಿಗಿಯಾಗಿ ಹಿಡಿದುಕೊಂಡಳು. "ಎದುರಂಗಡಿ ಗಡಿಯಾರದೋರು ನನ್ನ ಮದುವೆ ಆಗ್ತೀರಾ ಅಂತ ಕೇಳಿದ್ರು. ನಾನು ಆಗ್ತೀನಿ."

ಫೋನು ಕಟ್ಟಾಯಿತೇನೋ ಅಂತ ನಾನು ಬಗ್ಗಿ ನೋಡಿದೆ.

"ಅಕ್ಕಾ," ಅಂದ ಅವನು. "ನಂಗೊತ್ತಿರ್ಲಿಲ್ಲ."

ಅಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಷ್ಟು ಸಂತೋಷಪಟ್ಟ ಮುಖವನ್ನು ನಾನು ಅದಕ್ಕೂ ಮುಂಚೆ ನೋಡಿಲ್ಲ, ಆಮೇಲೂ ನೋಡಿಲ್ಲ.

"ಅವರೇನಂದ್ರು, ನೀನು ಹೂಂ ಅಂದಾಗ?"

"ಅವರಿಗಿನ್ನೂ ಹೇಳಿಲ್ಲ. ನಿಂಗೇ ಮೊದಲು."

"ಅವರು ಕೇಳಿ ಎಷ್ಟು ದಿನ ಆಯ್ತು?"

"ವಾರ ಆಯ್ತು."

"ವಾರಾನಾ! ಅಕ್ಕ, ನಿಂಗೇನು ತಲೆ ಕೆಟ್ಟಿದೆಯಾ? ಎದ್ದು ಹೋಗು, ಈಗ್ಲೇ ಹೋಗಿ ಹೇಳು ಅವರಿಗೆ!" ಅಂತ ಕಿರುಚಿ ಅವನೇ ಫೋನು ಇಟ್ಟ.

ಅಕ್ಕ ಎದ್ದಳು. ಮುಖ ತೊಳೆದಳು, ಕೂದಲು ಬಿಚ್ಚಿ ಮತ್ತೆ ಕಟ್ಟಿದಳು, ಒಂದು ಚಪ್ಪಲಿ ಸಿಗದೆ ನನ್ನದೊಂದನ್ನು ಮೆಟ್ಟಿಕೊಂಡಳು. ಬೀದಿ ದಾಟಿದಳು. ನಾನೂ ಹಿಂದೆಯೇ ಹೋದೆ. ಹೋಗದಿರಲು ನಾನೇನು ಕಲ್ಲೇ?

ಗಡಿಯಾರದವರು ಎದ್ದು ನಿಂತಿದ್ದರು. ಕಣ್ಣಿನ ಭೂತಗನ್ನಡಿ ತೆಗೆಯಲು ಮರೆತಿದ್ದರು, ಅದರೊಳಗೆ ನೀರು ತುಂಬಿಕೊಂಡು ಒಂದು ಕಣ್ಣು ಬೋಂಡದಷ್ಟು ದೊಡ್ಡದಾಗಿ ಕಾಣುತ್ತಿತ್ತು. ಕೈಯಲ್ಲಿ ಫೋನಿತ್ತು. ಅಕ್ಕ ಬಾಯಿ ತೆರೆಯುವ ಮೊದಲೇ ಅದನ್ನು ಅವಳತ್ತ ಚಾಚಿದರು.

"ನಿಮ್ಮ ತಮ್ಮ. ಎಲ್ಲಾ ಹೇಳಿದ್ರು."

ಅಕ್ಕ ಫೋನು ಕಿತ್ತುಕೊಂಡಳು. "ಲೋ ಕಳ್ಳ! ಬೀದಿ ದಾಟೋವಷ್ಟೂ ತಡ್ಕೊಳ್ಳೋಕಾಗ್ಲಿಲ್ವಾ ನಿಂಗೆ?"

"ಆಗ್ಲಿಲ್ಲಕ್ಕ," ಅಂದ ಅವನು. ಬೀದಿ ಖಾಲಿಯಿದ್ದದ್ದರಿಂದ ಅವನ ಮಾತು ನನಗೂ ಕೇಳಿಸಿತು. "ಇಷ್ಟು ವರ್ಷ ಎಲ್ಲರ ಕೈಲೂ ಕೇಳಿ ಕೇಳಿ ಗೊತ್ತು ಗೊತ್ತು ಅಂತಿದ್ದೆ. ಗೊತ್ತಿಲ್ಲ ಅಂದ್ರೆ ನಾನು ಹೊರಗಿನೋನು ಆಗ್ಬಿಡ್ತೀನಿ ಅಂತ ಭಯ. ನಾನಾಗೇ ನಮ್ಮ ಬೀದಿಗೆ ಹೇಳೋ ಸುದ್ದಿ ನನ್ ಹತ್ರ ಒಂದಿನಾನೂ ಇರ್ಲಿಲ್ಲ. ಇವತ್ತು ಇತ್ತು. ಬೈತೀಯಾ?"

ಅಕ್ಕ ಟೇಪಿನ ತುದಿಯಿಂದ ಮೂಗು ಒರೆಸಿಕೊಂಡಳು.

"ಬೈಯಲ್ಲ," ಅಂದಳು. "ಚಿಕ್ಕಮ್ಮನಿಗೆ ಇನ್ನೂ ಗೊತ್ತಿಲ್ಲ. ಇಸ್ತ್ರಿಯವನಿಗೂ ಗೊತ್ತಿಲ್ಲ, ಮೆಡಿಕಲ್ ಶಾಪಿನವನಿಗೂ ಗೊತ್ತಿಲ್ಲ. ಒಬ್ಬೊಬ್ಬರಿಗೂ ನೀನೇ ಹೇಳು. ನಾವು ಮೂರು ಜನ ಬಾಯಿ ಬಿಡಲ್ಲ."

ಫೋನು ಇಟ್ಟಮೇಲೆ ನಾವು ಮೂವರೂ ಗಡಿಯಾರದಂಗಡಿಯ ಬಾಗಿಲಲ್ಲಿ ಸಾಲಾಗಿ ನಿಂತು, ಮಾತಾಡದೆ, ಕಾಯತೊಡಗಿದೆವು. ನಮ್ಮ ಅಂಗಡಿಯ ಹಿಂದೆ ಚಿಕ್ಕಮ್ಮನ ಫೋನು ಹೊಡೆದುಕೊಳ್ಳಲು ಶುರುವಾಯಿತು.